ಸ್ಯಾಕ್ಸೊಫೋನ್ ಕೊಲಾಸಸ್

ಅಮೆರಿಕದ ಜಾಝ್ ವಾದಕ ಸನ್ನಿ ರಾಲಿನ್ಸ್ ಪಿಯಾನೊ, ಡಬಲ್ ಬೇಸ್ ಮತ್ತು ಡ್ರಮ್ಸ್ ವಾದಕರ ಜೊತೆಗೂಡಿ ಟೆನರ್ ಸ್ಯಾಕ್ಸೊಫೋನ್‌ನಲ್ಲಿ ನುಡಿಸಿದ ಸ್ಟುಡಿಯೊ ಆಲ್ಬಮ್. 1956ರ ಜೂನ್ 22ರಂದು ನ್ಯೂಜೆರ್ಸಿ ರಾಜ್ಯದ ಹ್ಯಾಕೆನ್‌ಸ್ಯಾಕ್ ಊರಿನಲ್ಲಿ ಒಂದೇ ದಿನದಲ್ಲಿ ಧ್ವನಿಮುದ್ರಣ ಮುಗಿಯಿತು. ಪ್ರೆಸ್ಟೀಜ್ ಕಂಪನಿ ಇದನ್ನು 7079ನೆಯ ಸಂಖ್ಯೆಯ ಲಾಂಗ್‌ಪ್ಲೇ ತಟ್ಟೆಯಾಗಿ ಹೊರತಂದಿತು. ಇರುವುದು ಐದೇ ರಚನೆಗಳು, ಒಟ್ಟು ಸುಮಾರು 40 ನಿಮಿಷ. ಆಗ ರಾಲಿನ್ಸ್‌ಗೆ 25 ವರ್ಷ.

ಜಾಝ್‌ನಲ್ಲಿ ಮನೋಧರ್ಮ ಎಷ್ಟರಮಟ್ಟಿಗೆ ರಚನೆಯ ಬಿಗಿ ಪಡೆಯಬಲ್ಲದು ಎಂಬ ಚರ್ಚೆ ಎದ್ದಾಗಲೆಲ್ಲ ಈ ಆಲ್ಬಮ್‌ನ ಹೆಸರು ಬರುತ್ತದೆ. ಒಂದು ಚಿಕ್ಕ ಸ್ವರಗುಚ್ಛವನ್ನು ಹಿಡಿದು, ತಿರುಗಿಸಿ, ಕತ್ತರಿಸಿ, ಹಿಗ್ಗಿಸಿ ಹತ್ತು ನಿಮಿಷದ ಕಟ್ಟಡ ಎಬ್ಬಿಸಿದ ಕೀರ್ತಿ ರಾಲಿನ್ಸ್‌ನದು. ಆದರೆ ಆ ಕೀರ್ತಿಯನ್ನು ಸ್ಯಾಕ್ಸೊಫೋನ್ ಒಂದಕ್ಕೇ ಕಟ್ಟುವುದು ನ್ಯಾಯವಲ್ಲ. ತಟ್ಟೆಯನ್ನು ಗಮನವಿಟ್ಟು ಕೇಳಿದರೆ ಡ್ರಮ್ಸ್ ನುಡಿಸಿದ ಮ್ಯಾಕ್ಸ್ ರೋಚ್ ಅದೇ ಕೆಲಸವನ್ನು ಚರ್ಮವಾದ್ಯದ ಮೇಲೆ ಮಾಡುತ್ತಿರುವುದು ತಿಳಿಯುತ್ತದೆ. ಹೆಸರು ಒಬ್ಬನದಾದರೂ ಇದು ಇಬ್ಬರ ಆಲ್ಬಮ್.

ಕನ್ನಡಿಗರಿಗೆ ಸ್ಯಾಕ್ಸೊಫೋನ್ ಎಂದೊಡನೆ ನೆನಪಾಗುವವರು ಕದ್ರಿ ಗೋಪಾಲನಾಥರು. ಅವರು ನುಡಿಸುತ್ತಿದ್ದುದು ಆಲ್ಟೊ. ಟೆನರ್ ಅದಕ್ಕಿಂತ ದೊಡ್ಡದು. ಅದರ ಶ್ರುತಿ ಆಲ್ಟೊಗಿಂತ ಷಡ್ಜದಿಂದ ಶುದ್ಧ ಮಧ್ಯಮಕ್ಕಿರುವ ಅಂತರದಷ್ಟು ಕೆಳಗೆ. ಗಂಡಸಿನ ಮಾತಿನ ದನಿಗೆ ಹತ್ತಿರವಾದ ವಾದ್ಯವಿದು. ರಾಲಿನ್ಸ್ ಕೈಯಲ್ಲಿ ಆ ಮಾತಿನ ಗುಣ ಇನ್ನೂ ಹೆಚ್ಚು. ಆತ ಸ್ವರವನ್ನು ಉದ್ದಕ್ಕೆ ಎಳೆದು ಮೆರುಗು ಕೊಡುವುದು ಕಡಿಮೆ. ತುಂಡರಿಸಿ, ಒತ್ತಿ, ಕೆಲವೊಮ್ಮೆ ಕೊಂಚ ಗೇಲಿಯ ಧಾಟಿಯಲ್ಲಿ ನುಡಿಸುತ್ತಾನೆ.

ಅಲ್ಲಿಯವರೆಗಿನ ರಾಲಿನ್ಸ್

ರಾಲಿನ್ಸ್ ಹುಟ್ಟಿದ್ದು 1930ರ ಸೆಪ್ಟೆಂಬರ್ 7ರಂದು, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ತಂದೆ ಕೆರಿಬಿಯನ್ ಕಡಲಿನ ಸೇಂಟ್ ಕ್ರಾಯ್ ದ್ವೀಪದವನು, ತಾಯಿ ಸೇಂಟ್ ಥಾಮಸ್ ದ್ವೀಪದವಳು. ಎರಡೂ ವರ್ಜಿನ್ ದ್ವೀಪಸಮೂಹಕ್ಕೆ ಸೇರಿದವು. 1917ರಲ್ಲಿ ಅಮೆರಿಕ ಇವನ್ನು ಡೆನ್ಮಾರ್ಕಿನಿಂದ ಕೊಂಡಿತ್ತು. ಮನೆಯಲ್ಲಿ ದ್ವೀಪದ ಹಾಡುಗಳು, ಬೀದಿಯಲ್ಲಿ ಜಾಝ್. ಟೆನರ್ ಸ್ಯಾಕ್ಸೊಫೋನ್‌ಗೆ ಜಾಝ್‌ನಲ್ಲಿ ಸ್ಥಾನ ದೊರಕಿಸಿಕೊಟ್ಟ ಕೋಲ್ಮನ್ ಹಾಕಿನ್ಸ್ ಅದೇ ಕೇರಿಯಲ್ಲಿ ವಾಸವಾಗಿದ್ದ. ಹುಡುಗ ರಾಲಿನ್ಸ್ ಅವನ ಬಾಗಿಲಲ್ಲಿ ಕಾದು ನಿಂತು ಫೋಟೊದ ಮೇಲೆ ಸಹಿ ಹಾಕಿಸಿಕೊಂಡಿದ್ದ. ಮೊದಲು ಕಲಿತದ್ದು ಆಲ್ಟೊ, ಹದಿಹರೆಯದಲ್ಲೇ ಟೆನರ್‌ಗೆ ಬಂದ. ಪಿಯಾನೊ ವಾದಕ ಥೆಲೋನಿಯಸ್ ಮಂಕ್‌ನ ಮನೆಯಲ್ಲಿ ಅಭ್ಯಾಸಕ್ಕೆ ಕೂರುತ್ತಿದ್ದ. ಸ್ವರಗಳ ನಡುವೆ ಜಾಗ ಬಿಡುವ ಧೈರ್ಯವನ್ನೂ, ಹಾಡಿನ ಮೂಲ ಮಟ್ಟನ್ನು ಕೈಬಿಡದೆ ಮನೋಧರ್ಮ ಬೆಳೆಸುವ ಹಟವನ್ನೂ ರಾಲಿನ್ಸ್ ಮಂಕ್‌ನಿಂದ ಪಡೆದನೆಂದು ಧಾರಾಳವಾಗಿ ಹೇಳಬಹುದು.

1954ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ಧ್ವನಿಮುದ್ರಿಸಿದ ‘ಓಲಿಯೊ’, ‘ಡಾಕ್ಸಿ’, ‘ಐರೆಜಿನ್’ ಎಂಬ ಮೂರು ರಚನೆಗಳು ಇಂದಿಗೂ ಎಲ್ಲ ಜಾಝ್ ವಾದಕರ ಬಾಯಿಪಾಠ. ಆದರೆ ಆ ಪೀಳಿಗೆಯ ಅನೇಕರಂತೆ ರಾಲಿನ್ಸ್ ಕೂಡ ಹೆರಾಯಿನ್ ಚಟಕ್ಕೆ ಬಿದ್ದಿದ್ದ. ದರೋಡೆಯ ಆರೋಪದ ಮೇಲೆ 1950ರಲ್ಲಿ ಜೈಲು ಕಂಡಿದ್ದ. ಕೊನೆಗೆ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿದ್ದ ಸರ್ಕಾರಿ ಆಸ್ಪತ್ರೆಗೆ ತಾನಾಗಿ ಸೇರಿ ಚಟ ಬಿಡಿಸಿಕೊಂಡ. ಅಲ್ಲಿಂದ ಬಂದವನು ಷಿಕಾಗೋದಲ್ಲಿ ಕೂಲಿ ಕೆಲಸ ಮಾಡುತ್ತ, ಹಳೆಯ ಸಹವಾಸದಿಂದ ದೂರ ಉಳಿದು, ಒಬ್ಬನೇ ಸಾಧನೆ ನಡೆಸಿದ್ದ. 1955ರ ಕೊನೆಯಲ್ಲಿ ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಮತ್ತು ಮ್ಯಾಕ್ಸ್ ರೋಚ್ ನಡೆಸುತ್ತಿದ್ದ ಐವರ ತಂಡ ಆ ಊರಿಗೆ ಬಂದಾಗ ಅದನ್ನು ಸೇರಿಕೊಂಡ. ಬ್ರೌನ್ ಮಾದಕವಸ್ತುವನ್ನು ಮುಟ್ಟದವನು. ಶುದ್ಧವಾಗಿ ಬದುಕಿಕೊಂಡೂ ಅದ್ಭುತವಾಗಿ ನುಡಿಸಬಹುದೆಂದು ತನಗೆ ಮನವರಿಕೆಯಾದದ್ದು ಅವನನ್ನು ನೋಡಿ ಎಂದು ರಾಲಿನ್ಸ್ ಮುಂದೆ ಹಲವು ಸಲ ಹೇಳಿಕೊಂಡಿದ್ದಾನೆ.

1956 ರಾಲಿನ್ಸ್‌ನ ಬದುಕಿನಲ್ಲಿ ಸುಗ್ಗಿಯ ವರ್ಷ. ಮಾರ್ಚಿನಲ್ಲಿ ಬ್ರೌನ್–ರೋಚ್ ತಂಡವನ್ನೇ ತನ್ನ ಹೆಸರಿನಡಿ ಕೂರಿಸಿಕೊಂಡು ‘ಸನ್ನಿ ರಾಲಿನ್ಸ್ ಪ್ಲಸ್ ಫೋರ್’ ಮಾಡಿದ. ಮೇ 24ರಂದು ‘ಟೆನರ್ ಮ್ಯಾಡ್ನೆಸ್’ ಆಯಿತು. ಅದರ ಶೀರ್ಷಿಕೆ ರಚನೆಯಲ್ಲಿ ಜಾನ್ ಕೋಲ್ಟ್ರೇನ್ ಕೂಡ ಟೆನರ್ ನುಡಿಸಿದ್ದು, ಇಬ್ಬರೂ ಒಟ್ಟಿಗೆ ಸಿಗುವ ಏಕೈಕ ಧ್ವನಿಮುದ್ರಣವೆಂದು ಅದು ಹೆಸರಾಗಿದೆ. ತಿಂಗಳು ತುಂಬುವ ಮೊದಲೇ ‘ಸ್ಯಾಕ್ಸೊಫೋನ್ ಕೊಲಾಸಸ್’.

ಜೊತೆಗಾರರು

ಪಿಯಾನೊ ಮುಂದೆ ಕುಳಿತವನು ಟಾಮಿ ಫ್ಲಾನಗನ್. ಡೆಟ್ರಾಯಿಟ್ ನಗರದವನು, ನ್ಯೂಯಾರ್ಕಿಗೆ ಬಂದು ನೆಲೆಸಿದ್ದು ಅದೇ ವರ್ಷ. ಬೇಸ್ ವಾದಕ ಡಗ್ ವಾಟ್ಕಿನ್ಸ್ ಕೂಡ ಡೆಟ್ರಾಯಿಟ್‌ನವನೇ, ಆಗ ಅವನಿಗೆ 22 ವರ್ಷ. ಹೊರೇಸ್ ಸಿಲ್ವರ್ ಮತ್ತು ಆರ್ಟ್ ಬ್ಲೇಕಿ ಕಟ್ಟಿದ ಜಾಝ್ ಮೆಸೆಂಜರ್ಸ್ ತಂಡದ ಮೊದಲ ಬೇಸ್ ವಾದಕ. ನಾಲ್ವರಲ್ಲಿ ಹಿರಿಯ ಮ್ಯಾಕ್ಸ್ ರೋಚ್. 32 ವರ್ಷದ ರೋಚ್ ಅಷ್ಟರೊಳಗೆ ಚಾರ್ಲಿ ಪಾರ್ಕರ್ ಜೊತೆ ನುಡಿಸಿ, ಬಿಬಾಪ್ ಎಂಬ ವೇಗದ, ಜಟಿಲ ಜಾಝ್ ಶೈಲಿಯ ಡ್ರಮ್ಸ್ ವಾದನಕ್ಕೆ ರೂಪ ಕೊಟ್ಟವರಲ್ಲಿ ಒಬ್ಬನೆನಿಸಿದ್ದ. ಡ್ರಮ್ಸ್ ಎಂದರೆ ಲೆಕ್ಕ ಕಾಯುವ ವಾದ್ಯವಷ್ಟೇ ಎಂಬ ಭಾವನೆಯನ್ನು ಆತ ಎಂದೂ ಒಪ್ಪಲಿಲ್ಲ. ನಮ್ಮಲ್ಲಿ ತನಿ ಆವರ್ತನ ಕೇಳುವವರು ಮೃದಂಗದಿಂದ ಬಯಸುವ ವಿಚಾರವಂತಿಕೆ ಅವನ ವಾದನದಲ್ಲಿದೆ. ಅವನ ಸೋಲೊಗಳಲ್ಲಿ ವೇಗಕ್ಕಿಂತ ನಡೆಯ ವಿನ್ಯಾಸ ಮುಖ್ಯ.

ರಾಲಿನ್ಸ್ ಮತ್ತು ರೋಚ್ ತಿಂಗಳುಗಟ್ಟಲೆ ಒಂದೇ ತಂಡದಲ್ಲಿ ಊರೂರು ತಿರುಗಿದ್ದವರು. ಒಬ್ಬರ ಚಲನೆ ಇನ್ನೊಬ್ಬರಿಗೆ ಗೊತ್ತಿತ್ತು. ಉಳಿದಿಬ್ಬರು ಆ ತಂಡಕ್ಕೆ ಹೊರಗಿನವರು. ಆದರೂ ಇಡೀ ತಟ್ಟೆಯಲ್ಲಿ ತಡವರಿಕೆ ಇಲ್ಲ. ಅದರಲ್ಲೂ ಫ್ಲಾನಗನ್‌ನದು ಒಳ್ಳೆಯ ಪಕ್ಕವಾದ್ಯದವನ ಸೌಜನ್ಯ. ರಾಲಿನ್ಸ್ ಜಾಗ ಬಿಟ್ಟಲ್ಲಿ ಅದನ್ನು ತುಂಬಲು ಅವಸರ ಪಡುವುದಿಲ್ಲ. ಈ ಗುಣಕ್ಕಾಗಿಯೇ ಅವನಿಗೆ ಬೇಡಿಕೆ ಬಂತು. ಮೂರು ವರ್ಷದ ನಂತರ ಕೋಲ್ಟ್ರೇನ್‌ನ ‘ಜಯಂಟ್ ಸ್ಟೆಪ್ಸ್’ಗೂ ಅವನೇ ಪಿಯಾನೊ ನುಡಿಸಿದ. ಗಾಯಕಿ ಎಲಾ ಫಿಟ್ಜೆರಾಲ್ಡ್‌ಗೆ ವರ್ಷಗಳ ಕಾಲ ಜೊತೆಯಾದ.

ಮನೆಯ ಹಜಾರದಲ್ಲಿ ಧ್ವನಿಮುದ್ರಣ

ಧ್ವನಿಮುದ್ರಣ ನಡೆದ ‘ಸ್ಟುಡಿಯೊ’ ಎಂದರೆ ರೂಡಿ ವ್ಯಾನ್ ಗೆಲ್ಡರ್ ಎಂಬವನ ತಂದೆತಾಯಿಯ ಮನೆಯ ಹಜಾರ. ವ್ಯಾನ್ ಗೆಲ್ಡರ್ ಹಗಲು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿಯವನು. ಧ್ವನಿಮುದ್ರಣ ಅವನ ಗೀಳು. ಮನೆ ಕಟ್ಟಿಸುವಾಗಲೇ ಹಜಾರದ ಪಕ್ಕದಲ್ಲಿ ಗಾಜಿನ ಕಿಟಕಿಯ ಒಂದು ಕೋಣೆ ಮಾಡಿಸಿಕೊಂಡು ಅಲ್ಲಿ ಯಂತ್ರಗಳನ್ನು ಇರಿಸಿಕೊಂಡಿದ್ದ. ಪ್ರೆಸ್ಟೀಜ್, ಬ್ಲೂ ನೋಟ್ ಮುಂತಾದ ಕಂಪನಿಗಳ 1950ರ ದಶಕದ ಎಷ್ಟೋ ಹೆಸರಾಂತ ತಟ್ಟೆಗಳು ಹುಟ್ಟಿದ್ದು ಆ ಹಜಾರದಲ್ಲೇ. 1959ರಲ್ಲಿ ಆತ ಅದೇ ರಾಜ್ಯದ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಚಾವಣಿಯ ಹೊಸ ಸ್ಟುಡಿಯೊ ಕಟ್ಟಿದ. ವಿಮರ್ಶಕರು ಕೊಂಡಾಡುವುದು ಹೆಚ್ಚಾಗಿ ಅದನ್ನು. ಹ್ಯಾಕೆನ್‌ಸ್ಯಾಕ್‌ನ ಹಜಾರದ ದನಿಗೆ ಮಾತ್ರ ಒಂದು ಹತ್ತಿರದ ಗುಣ ಇದೆ: ಟೆನರ್ ಎದುರು ಕುರ್ಚಿಯಲ್ಲಿ ಕುಳಿತು ನುಡಿಸಿದಂತೆ ಕೇಳುತ್ತದೆ, ಬೇಸ್‌ನ ತಂತಿ ಮೀಟಿದ ಬೆರಳಿನ ಸದ್ದೂ ಸಿಗುತ್ತದೆ.

ಪ್ರೆಸ್ಟೀಜ್‌ನ ಒಡೆಯ ಬಾಬ್ ವೈನ್‌ಸ್ಟಾಕ್ ರಿಹರ್ಸಲ್‌ಗೆ ಹಣ ಖರ್ಚು ಮಾಡುವವನಲ್ಲ. ಪ್ರತಿಸ್ಪರ್ಧಿಯಾದ ಬ್ಲೂ ನೋಟ್ ರಿಹರ್ಸಲ್‌ಗೂ ಸಂಭಾವನೆ ಕೊಡುತ್ತಿತ್ತು. ಎರಡೂ ಕಂಪನಿಗಳ ವ್ಯತ್ಯಾಸ ಇಷ್ಟೇ ಎಂದು ಜಾಝ್ ವಲಯದಲ್ಲಿ ಹೇಳುವುದುಂಟು. ಪ್ರೆಸ್ಟೀಜ್‌ನಲ್ಲಿ ವಾದಕರು ಮಧ್ಯಾಹ್ನ ಬಂದು ಕೂರುತ್ತಿದ್ದರು, ಏನು ನುಡಿಸುವುದೆಂದು ಅಲ್ಲೇ ಮಾತಾಡಿಕೊಳ್ಳುತ್ತಿದ್ದರು, ನುಡಿಸಿ ಹೋಗುತ್ತಿದ್ದರು. ಈ ಜಿಪುಣತನದಿಂದ ಆ ಕಂಪನಿಯ ಅನೇಕ ತಟ್ಟೆಗಳು ಸಡಿಲವಾಗಿವೆ. ಇದೊಂದರ ಮಟ್ಟಿಗೆ ಅದೇ ಅನುಕೂಲವಾಯಿತೆಂದು ತೋರುತ್ತದೆ. ಮೊದಲೇ ಬರೆದು ತಂದ ಜೋಡಣೆಗಳಿಲ್ಲ, ಬೇರೆ ಊದುವ ವಾದ್ಯಗಳಿಲ್ಲ. ಹಾಗಾಗಿ ಸೋಲೊ ಮತ್ತು ಅದರ ವಿಚಾರ ಎರಡೇ ಉಳಿದವು. ಆಗ ಒಂದು ವಾದ್ಯದ ಮೇಲೆ ಇನ್ನೊಂದನ್ನು ನಂತರ ಸೇರಿಸುವ ರೂಢಿಯೂ ಇರಲಿಲ್ಲ. ನಾಲ್ವರು ಒಂದೇ ಕೋಣೆಯಲ್ಲಿ, ಒಂದೇ ಸಮಯಕ್ಕೆ ನುಡಿಸಿದ್ದೇ ತಟ್ಟೆಗೆ ಬಂದಿದೆ.

ಐದು ರಚನೆಗಳು

ತಟ್ಟೆ ಶುರುವಾಗುವುದು ಡ್ರಮ್ಸ್‌ನಿಂದ. ‘ಸೇಂಟ್ ಥಾಮಸ್’ ಎಂಬ ಮೊದಲ ರಚನೆ ಕೆರಿಬಿಯನ್ ದ್ವೀಪಗಳ ಕ್ಯಾಲಿಪ್ಸೊ ನಡೆಯದು. ರೋಚ್ ಅದನ್ನು ಕೆಲವು ಬಾರ್‌ಗಳಷ್ಟು (ಬಾರ್ ಎಂದರೆ ತಾಳದ ಒಂದು ಸುತ್ತು) ಒಬ್ಬನೇ ಕಟ್ಟಿಕೊಟ್ಟ ಮೇಲೆ ಟೆನರ್ ಹಾಡನ್ನು ಎತ್ತಿಕೊಳ್ಳುತ್ತದೆ. ಮಕ್ಕಳೂ ಗುನುಗಬಹುದಾದ 16 ಬಾರ್‌ಗಳ ಸರಳ ಮಟ್ಟು. ತಟ್ಟೆಯ ಮೇಲೆ ಕರ್ತೃವೆಂದು ರಾಲಿನ್ಸ್ ಹೆಸರಿದ್ದರೂ ಇದು ವರ್ಜಿನ್ ದ್ವೀಪಗಳ ಜಾನಪದ ಹಾಡು; ತಾಯಿಯ ಬಾಯಲ್ಲಿ ಕೇಳಿ ಬೆಳೆದದ್ದು. ಪಿಯಾನೊ ವಾದಕ ರ್‍ಯಾಂಡಿ ವೆಸ್ಟನ್ 1955ರಲ್ಲೇ ಇದನ್ನು ‘ಫೈರ್ ಡೌನ್ ದೇರ್’ ಎಂಬ ಹೆಸರಿನಲ್ಲಿ ಧ್ವನಿಮುದ್ರಿಸಿದ್ದ. ಆದರೂ ಲೋಕಕ್ಕೆ ಗೊತ್ತಾದದ್ದು ರಾಲಿನ್ಸ್ ಇಟ್ಟ ಹೆಸರಿನಿಂದ.

ಮಟ್ಟು ಮುಗಿದ ಮೇಲೆ ಬರುವ ಸೋಲೊ ಆಲ್ಬಮ್‌ನ ಬೀಗದ ಕೈ. ಬಿಬಾಪ್ ಕಲಿತ ಯಾವ ವಾದಕನಾದರೂ ಇಲ್ಲಿ ಎಂಟಂಶದ ಸ್ವರಗಳ ಉದ್ದನೆಯ ಸರಮಾಲೆಯಿಂದ ಶುರುಮಾಡುತ್ತಿದ್ದ. ರಾಲಿನ್ಸ್ ಎರಡೇ ಸ್ವರಗಳ ಒಂದು ತುಣುಕನ್ನು ನುಡಿಸಿ ನಿಲ್ಲುತ್ತಾನೆ. ಮತ್ತೆ ಅದನ್ನೇ ನುಡಿಸುತ್ತಾನೆ, ತಾಳದಲ್ಲಿ ಕೊಂಚ ಸರಿಸಿ. ಕೆಳಗಿನ ಸ್ವರಮೇಳ (ಕಾರ್ಡ್) ಬದಲಾದಾಗ ತುಣುಕಿನ ಒಂದು ಸ್ವರವೂ ಬದಲಾಗುತ್ತದೆ, ಆಕಾರ ಹಾಗೆಯೇ ಇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕೇಳುಗನ ಕಿವಿ ಆ ತುಣುಕನ್ನು ಕಾಯತೊಡಗುತ್ತದೆ. ಆಗ ರಾಲಿನ್ಸ್ ಅದನ್ನು ಬಿಟ್ಟು ಉದ್ದನೆಯ ಸಾಲುಗಳಿಗೆ ಹೋಗುತ್ತಾನೆ. ನಂತರ ರೋಚ್‌ನ ಸರದಿ. ಅವನು ಕ್ಯಾಲಿಪ್ಸೊ ನಡೆಯನ್ನು ಬಿಡದೆ ಅದರ ಒಳಗೇ ಹೊಸ ಹೆಣಿಗೆಗಳನ್ನು ಹಾಕುತ್ತಾ ಹೋಗುತ್ತಾನೆ. ಸೋಲೊ ಮುಗಿಯುವ ಹೊತ್ತಿಗೆ ತಂಡ ಕ್ಯಾಲಿಪ್ಸೊದಿಂದ ಜಾಝ್‌ನ ಸ್ವಿಂಗ್ ನಡೆಗೆ ದಾಟಿರುತ್ತದೆ. ರಾಲಿನ್ಸ್ ಎರಡನೆಯ ಸಲ ಬಂದು ಆ ಹೊಸ ನಡೆಯಲ್ಲಿ ಸ್ವಚ್ಛಂದವಾಗಿ ಓಡುತ್ತಾನೆ. ಫ್ಲಾನಗನ್‌ನ ಚುಟುಕಾದ ಸರದಿಯ ನಂತರ ಮತ್ತೆ ದ್ವೀಪದ ಹಾಡು. ಎಲ್ಲ ಸೇರಿ ಏಳು ನಿಮಿಷಕ್ಕೂ ಕಡಿಮೆ.

ಎರಡನೆಯದು ‘ಯೂ ಡೋಂಟ್ ನೋ ವಾಟ್ ಲವ್ ಈಸ್’. 1941ರಲ್ಲಿ ಡಾನ್ ರೇ ಮತ್ತು ಜೀನ್ ಡಿ ಪಾಲ್ ಒಂದು ಹಾಸ್ಯ ಸಿನಿಮಾಕ್ಕೆಂದು ಬರೆದ ವಿಷಾದದ ಹಾಡು. ಸಿನಿಮಾದಲ್ಲಿ ಉಳಿಯದೆ ಹೋದರೂ ಗಾಯಕರ ಮತ್ತು ವಾದಕರ ಕೈಯಲ್ಲಿ ಉಳಿಯಿತು. ರಾಲಿನ್ಸ್ ಇಲ್ಲಿ ಹಾಕಿನ್ಸ್‌ನ ಶಿಷ್ಯ: ದಪ್ಪನೆಯ, ಉಸಿರು ತುಂಬಿದ ನಾದ, ನಿಧಾನಗತಿ. ಹಾಗಿದ್ದೂ ಕಣ್ಣೀರಿಗೆ ಅವಕಾಶವಿಲ್ಲ. ಭಾವುಕತೆ ಹೆಚ್ಚಾಯಿತೆನ್ನುವಷ್ಟರಲ್ಲಿ ಒಂದು ಒರಟು ತಿರುವು ಕೊಡುತ್ತಾನೆ.

‘ಸ್ಟ್ರೋಡ್ ರೋಡ್’ ಐದರಲ್ಲಿ ಚಿಕ್ಕದು, ಚುರುಕಾದದ್ದು. ಷಿಕಾಗೋದ ಸ್ಟ್ರೋಡ್ ಹೋಟೆಲಿನ ಹೆಸರನ್ನು ಇಟ್ಟಿರುವುದು ಅಲ್ಲಿ 1947ರಲ್ಲಿ ತೀರಿಕೊಂಡ ಟ್ರಂಪೆಟ್ ವಾದಕ ಫ್ರೆಡ್ಡಿ ವೆಬ್‌ಸ್ಟರ್‌ನ ನೆನಪಿಗೆ. ಬಿಬಾಪ್‌ನಿಂದ ಬೆಳೆದ ಹಾರ್ಡ್ ಬಾಪ್ ಶೈಲಿಯ ಒಳ್ಳೆಯ ವಾದನ. ಬೇರೆ ತಟ್ಟೆಯಲ್ಲಿದ್ದಿದ್ದರೆ ಹೆಚ್ಚು ಹೊಗಳಿಕೆ ಸಿಗುತ್ತಿತ್ತು.

ತಟ್ಟೆ ತಿರುಗಿಸಿದರೆ ಎರಡನೆಯ ಮಗ್ಗುಲಲ್ಲಿ ಎರಡೇ ರಚನೆಗಳು, ಎರಡೂ ಉದ್ದ. ‘ಮೊರಿಟಾಟ್’ 10 ನಿಮಿಷದ್ದು. ಬರ್ಟೋಲ್ಟ್ ಬ್ರೆಕ್ಟ್ ಸಾಹಿತ್ಯಕ್ಕೆ ಕುರ್ಟ್ ವೈಲ್ ಸಂಗೀತ ಹಾಕಿ 1928ರಲ್ಲಿ ಬರ್ಲಿನ್‌ನಲ್ಲಿ ರಂಗಕ್ಕೆ ತಂದ ‘ತ್ರೀ ಪೆನ್ನಿ ಆಪೆರಾ’ದ ಆರಂಭಗೀತೆ ಇದು. ಮ್ಯಾಕ್‌ಹೀತ್ ಎಂಬ ಪಾತಕಿಯ ಕೊಲೆಗಳನ್ನು ಬೀದಿ ಹಾಡುಗಾರ ಒಂದೊಂದಾಗಿ ಎಣಿಸುತ್ತಾನೆ. 1954ರಿಂದ ನ್ಯೂಯಾರ್ಕಿನಲ್ಲಿ ಇಂಗ್ಲಿಷ್ ರೂಪಾಂತರದ ಪ್ರದರ್ಶನ ನಡೆಯುತ್ತಿತ್ತು, 1955ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಇದೇ ಹಾಡನ್ನು ‘ಮ್ಯಾಕ್ ದ ನೈಫ್’ ಎಂದು ಹಾಡಿ ಮನೆಮಾತು ಮಾಡಿದ್ದ. ರಾಲಿನ್ಸ್ ಕೊಲೆಗಡುಕನ ಹಾಡನ್ನು ಸಂಜೆಯ ವಾಯುವಿಹಾರದ ಗತಿಯಲ್ಲಿ ನುಡಿಸುತ್ತಾನೆ. ಜನಪ್ರಿಯ ಸಿನಿಮಾ ಹಾಡು, ಪ್ರಹಸನದ ಹಾಡು, ಕೌಬಾಯ್ ಹಾಡು ಎಂದು ಗಂಭೀರ ವಾದಕರು ಮೂಗುಮುರಿಯುವ ಯಾವುದನ್ನೂ ರಾಲಿನ್ಸ್ ಬಿಟ್ಟವನಲ್ಲ. ಆ ಚಾಳಿಯ ಅತ್ಯುತ್ತಮ ಫಲಗಳಲ್ಲಿ ‘ಮೊರಿಟಾಟ್’ ಒಂದು.

ಕೊನೆಯದು ‘ಬ್ಲೂ ಸೆವೆನ್’, 11 ನಿಮಿಷಕ್ಕೂ ಹೆಚ್ಚು. ಮೊದಲು ವಾಟ್ಕಿನ್ಸ್‌ನ ಬೇಸ್ ಒಂದೇ, ನಡಿಗೆಯ ಲಯದಲ್ಲಿ. ಅದರ ಮೇಲೆ ಟೆನರ್ ಒಂದು ಬಿಡಿಬಿಡಿಯಾದ, ಮುರಿದ ಮಟ್ಟನ್ನು ಇಡುತ್ತದೆ. ರಚನೆ 12 ಬಾರ್‌ಗಳ ಬ್ಲೂಸ್, ಎಂದರೆ ಜಾಝ್‌ನ ಅತ್ಯಂತ ಪರಿಚಿತ ಚೌಕಟ್ಟು. ಆದರೆ ಮಟ್ಟಿನಲ್ಲಿ ಒಂದು ಚೇಷ್ಟೆ ಇದೆ. ಆಧಾರ ಶ್ರುತಿಯನ್ನು ಷಡ್ಜವೆಂದುಕೊಂಡರೆ ರಾಲಿನ್ಸ್ ಒತ್ತಿ ಹೇಳುವುದು ಪ್ರತಿ ಮಧ್ಯಮವನ್ನು. ಪಾಶ್ಚಾತ್ಯ ಸ್ವರಮೇಳದ ಲೆಕ್ಕದಲ್ಲಿ ಷಡ್ಜದ ಮೇಲೆ ಕಟ್ಟಿದ ಸೆವೆಂತ್ ಮೇಳಕ್ಕೂ ಪ್ರತಿ ಮಧ್ಯಮದ ಮೇಲೆ ಕಟ್ಟಿದ ಸೆವೆಂತ್ ಮೇಳಕ್ಕೂ ಎರಡು ಸ್ವರಗಳು ಸಮಾನ. ಹಾಗಾಗಿ ಕೇಳುಗನಿಗೆ ನೆಲ ಯಾವುದೆಂದು ಥಟ್ಟನೆ ಗೊತ್ತಾಗುವುದಿಲ್ಲ. ಈ ಅನುಮಾನವನ್ನೇ ರಾಲಿನ್ಸ್ ಇಡೀ ಸೋಲೊದ ಬಂಡವಾಳ ಮಾಡಿಕೊಳ್ಳುತ್ತಾನೆ. ಮಟ್ಟಿನ ತುಣುಕುಗಳು ಮತ್ತೆ ಮತ್ತೆ ಬರುತ್ತವೆ: ಕೆಲವು ಸಲ ಇಡಿಯಾಗಿ, ಕೆಲವು ಸಲ ಒಂದು ಮೂಲೆಯಷ್ಟೇ, ಕೆಲವು ಸಲ ದೊಡ್ಡ ಓಟದ ನಡುವೆ ಅಡಗಿಕೊಂಡು.

ನಡುವೆ ರೋಚ್‌ನ ಸೋಲೊ. ಅವನು ಆರಿಸಿಕೊಳ್ಳುವುದು ಎರಡು ಸಾಮಗ್ರಿಗಳನ್ನು: ತಿಶ್ರ ನಡೆಯ ಒಂದು ಗುಂಪು, ಮತ್ತು ಉರುಳಿಕೆಯ ಒಂದು ಗತ್ತು. ಒಂದನ್ನು ಇನ್ನೊಂದಕ್ಕೆ ಎದುರಿಟ್ಟು, ಅಂತರ ಕಡಿಮೆ ಮಾಡುತ್ತ, ಕೊನೆಗೆ ಹೆಣೆದುಬಿಡುತ್ತಾನೆ. ಸ್ವರವಿಲ್ಲದ ವಾದ್ಯದ ಮೇಲೆ ವಿಷಯ ನಿರೂಪಣೆ ಮಾಡಿದ ಅಪರೂಪದ ಉದಾಹರಣೆ ಇದು. ಅವನು ಬಿಟ್ಟ ಕಡೆಯಿಂದ ಟೆನರ್ ಮತ್ತೆ ಹಿಡಿಯುವಾಗ ರಾಲಿನ್ಸ್ ಅಷ್ಟು ಹೊತ್ತೂ ಎಷ್ಟು ಗಮನವಿಟ್ಟು ಕೇಳುತ್ತಿದ್ದನೆಂದು ತಿಳಿಯುತ್ತದೆ.

ಶುಲ್ಲರ್ ಎತ್ತಿದ ಪ್ರಶ್ನೆ

1958ರ ನವೆಂಬರ್‌ನಲ್ಲಿ ‘ದಿ ಜಾಝ್ ರಿವ್ಯೂ’ ಎಂಬ ಹೊಸ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಗುಂಥರ್ ಶುಲ್ಲರ್ ಬರೆದ ಪ್ರಬಂಧದಿಂದ ‘ಬ್ಲೂ ಸೆವೆನ್’ ಕೇಳುವ ಬಗೆಯೇ ಬದಲಾಯಿತು. ಶುಲ್ಲರ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಚನಕಾರ, ಹಾರ್ನ್ ವಾದಕ, ಜಾಝ್‌ನಲ್ಲೂ ನುರಿತವನು. ಅವನ ವಾದ ಹೀಗಿತ್ತು: ಹೆಚ್ಚಿನ ಜಾಝ್ ವಾದಕರು ಸ್ವರಮೇಳಗಳು ಬದಲಾದಂತೆ ಒಂದಕ್ಕೊಂದು ನಂಟಿಲ್ಲದ ವಿಚಾರಗಳನ್ನು ಪೋಣಿಸುತ್ತಾರೆ; ರಾಲಿನ್ಸ್ ಮಾತ್ರ ಮೂಲ ಮಟ್ಟಿನ ಬೀಜದಿಂದಲೇ ಸೋಲೊ ಬೆಳೆಸುತ್ತಾನೆ, ಆದಿ ಅಂತ್ಯಗಳನ್ನು ಒಂದೇ ಎಳೆಯಲ್ಲಿ ಕಟ್ಟುತ್ತಾನೆ. ರೋಚ್‌ನ ಸೋಲೊಗೂ ಶುಲ್ಲರ್ ಅದೇ ಮಾನದಂಡ ಹಚ್ಚಿ ಮೆಚ್ಚಿದ. ಸ್ವರಲಿಪಿಯ ಉದಾಹರಣೆಗಳೊಂದಿಗೆ ಇಂಥ ಬಿಡಿಸುವಿಕೆ ಜಾಝ್ ವಿಮರ್ಶೆಗೆ ಆಗ ಹೊಸದು.

ಕರ್ನಾಟಕ ಸಂಗೀತ ಬಲ್ಲ ಓದುಗರಿಗೆ ಇಲ್ಲಿ ನೆರವಲ್ ನೆನಪಾದೀತು. ಹೋಲಿಕೆ ಒಂದು ಹಂತದವರೆಗೆ ಸರಿ. ಎರಡರಲ್ಲೂ ಒಂದು ಸಾಲನ್ನು ಕೈಬಿಡದೆ ಬೆಳೆಸಬೇಕು, ತಾಳದ ಆವರ್ತಕ್ಕೆ ಸರಿಯಾಗಿ ಮರಳಬೇಕು. ಆದರೆ ನೆರವಲ್‌ಗೆ ಸಾಹಿತ್ಯದ ಆಸರೆ ಇದೆ, ರಾಗದ ಆವರಣ ಇದೆ. ಜಾಝ್ ವಾದಕನ ಕಾಲ ಕೆಳಗೆ ಪ್ರತಿ ಬಾರ್‌ಗೂ ಸ್ವರಮೇಳ ಸರಿಯುತ್ತಿರುತ್ತದೆ. ಒಂದು ಕ್ಷಣ ಹಿಂದೆ ಹೊಂದಿದ ಸ್ವರ ಈಗ ಅಪಸ್ವರವಾಗಬಹುದು. ತುಣುಕಿನ ಆಕಾರ ಉಳಿಸಿಕೊಂಡು ಸ್ವರಗಳನ್ನು ಮೇಳಕ್ಕೆ ಒಗ್ಗಿಸುವುದೇ ರಾಲಿನ್ಸ್ ತೋರಿಸಿದ ಜಾಣ್ಮೆ.

ಶುಲ್ಲರ್‌ನ ಹೊಗಳಿಕೆ ರಾಲಿನ್ಸ್‌ಗೆ ಹಿತವಾಗಲಿಲ್ಲ. ತಾನು ಯೋಚಿಸದೆ ಮಾಡಿದ್ದನ್ನು ಇನ್ನೊಬ್ಬರು ಬಿಡಿಸಿಟ್ಟಿದ್ದನ್ನು ಓದಿದ ಮೇಲೆ ನುಡಿಸುವಾಗ ಸಂಕೋಚ ಅಡ್ಡಬರತೊಡಗಿತೆಂದೂ, ವಿಮರ್ಶೆ ಓದುವುದನ್ನೇ ಬಿಟ್ಟೆನೆಂದೂ ಹೇಳಿದ್ದಾನೆ. 1959ರಲ್ಲಿ ಕಛೇರಿಗಳನ್ನೆಲ್ಲ ನಿಲ್ಲಿಸಿ ಎರಡು ವರ್ಷ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಒಬ್ಬನೇ ಸಾಧನೆ ಮಾಡಿದ್ದಕ್ಕೂ ಈ ಪ್ರಬಂಧಕ್ಕೂ ಗಂಟುಹಾಕುವವರಿದ್ದಾರೆ. ಅದು ಅತಿಯಾಯಿತು. ರಾಲಿನ್ಸ್ ಕೊಟ್ಟ ಕಾರಣ ಸರಳ: ತನ್ನ ಹೆಸರು ತನ್ನ ವಾದನಕ್ಕಿಂತ ಮುಂದೆ ಹೋಗಿದೆ ಎನಿಸಿತು, ಮನೆಯಲ್ಲಿ ಊದಿದರೆ ನೆರೆಯವರಿಗೆ ತೊಂದರೆ.

ಪ್ರಬಂಧಕ್ಕೆ ಗಟ್ಟಿಯಾದ ಆಕ್ಷೇಪ ಬಂದದ್ದು ಬಹಳ ತಡವಾಗಿ. ಸಂಗೀತಶಾಸ್ತ್ರಜ್ಞ ಬೆಂಜಮಿನ್ ಗಿವನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶುಲ್ಲರ್ ‘ಬ್ಲೂ ಸೆವೆನ್’ನ ಬೀಜವೆಂದು ಗುರುತಿಸಿದ ತುಣುಕುಗಳು ರಾಲಿನ್ಸ್‌ನ ಬೇರೆ ವಾದನಗಳಲ್ಲೂ ಬರುತ್ತವೆ ಎಂದು ತೋರಿಸಿದ. ಎಂದರೆ ಅವು ಈ ಮಟ್ಟಿನಿಂದ ಹುಟ್ಟಿದವಲ್ಲ. ವಾದಕನ ಬೆರಳಿಗೆ ಮೊದಲೇ ಒಗ್ಗಿದ್ದವು, ಮಟ್ಟೇ ಅವುಗಳಿಂದ ಆ ಕ್ಷಣಕ್ಕೆ ಹುಟ್ಟಿರಬಹುದು. ಈ ಆಕ್ಷೇಪವನ್ನು ಒಪ್ಪಿದರೂ ಸೋಲೊದ ಬೆಲೆ ಇಳಿಯುವುದಿಲ್ಲ. ಪ್ರತಿಯೊಬ್ಬ ವಿದ್ವಾಂಸನ ಬಳಿಯೂ ಸಿದ್ಧ ಸಂಗತಿಗಳ ಗಂಟಿರುತ್ತದೆ. ಎಲ್ಲಿ ಯಾವುದನ್ನು ಬಿಚ್ಚಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದರಲ್ಲಿ ವಿದ್ವತ್ತು ಕಾಣುತ್ತದೆ. ‘ಸೇಂಟ್ ಥಾಮಸ್’ನ ಎರಡು ಸ್ವರಗಳ ತುಣುಕಿಗಂತೂ ಗಿವನ್‌ನ ಆಕ್ಷೇಪ ತಟ್ಟುವುದಿಲ್ಲ. ರಾಲಿನ್ಸ್‌ನ ವಿಧಾನ ತಿಳಿಯಬೇಕಾದವರು ‘ಬ್ಲೂ ಸೆವೆನ್’ಗಿಂತ ಅದನ್ನೇ ಮೊದಲು ಕೇಳುವುದು ಮೇಲು.

ನಾಲ್ಕು ದಿನಗಳ ನಂತರ

ಧ್ವನಿಮುದ್ರಣವಾಗಿ ನಾಲ್ಕನೆಯ ದಿನ, ಜೂನ್ 26ರ ರಾತ್ರಿ, ಷಿಕಾಗೋದ ಕಛೇರಿಗೆಂದು ಹೊರಟಿದ್ದ ಕ್ಲಿಫರ್ಡ್ ಬ್ರೌನ್, ತಂಡದ ಪಿಯಾನೊ ವಾದಕ ರಿಚಿ ಪಾವೆಲ್ ಮತ್ತು ಪಾವೆಲ್‌ನ ಹೆಂಡತಿ ನ್ಯಾನ್ಸಿ ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಕಾರು ಉರುಳಿ ಸತ್ತರು. ಬ್ರೌನ್‌ಗೆ ಆಗ 25 ವರ್ಷ. ರೋಚ್ ಮತ್ತು ರಾಲಿನ್ಸ್ ಬೇರೆಯಾಗಿ ಪ್ರಯಾಣ ಮಾಡಿದ್ದರಿಂದ ಉಳಿದರು. ರೋಚ್ ದೀರ್ಘಕಾಲ ಈ ಆಘಾತದಿಂದ ಹೊರಬರಲಿಲ್ಲ. ರಾಲಿನ್ಸ್ ಮುಂದಿನ ವರ್ಷ ತಂಡ ಬಿಟ್ಟು ತನ್ನದೇ ಹಾದಿ ಹಿಡಿದ. 1957ರ ಮಾರ್ಚಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಾಡಿದ ‘ವೇ ಔಟ್ ವೆಸ್ಟ್’ನಲ್ಲಿ ಪಿಯಾನೊವನ್ನೇ ಕೈಬಿಟ್ಟು, ಬರಿಯ ಬೇಸ್ ಮತ್ತು ಡ್ರಮ್ಸ್ ಇಟ್ಟುಕೊಂಡ. ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಇಂಥದೇ ಮೂವರ ತಂಡಗಳೊಂದಿಗೆ ನುಡಿಸಿದ್ದೂ ತಟ್ಟೆಯಾಯಿತು. 1958ರ ‘ಫ್ರೀಡಮ್ ಸ್ಯೂಟ್’ನಲ್ಲಿ ರೋಚ್ ಮತ್ತೆ ಜೊತೆಯಾದ, ಕಪ್ಪು ಜನರ ಹಕ್ಕಿನ ಮಾತನ್ನು ಜಾಝ್ ತಟ್ಟೆಯ ಮೇಲೆ ನೇರವಾಗಿ ಎತ್ತಿದ ಮೊದಲಿಗರಲ್ಲಿ ಇವರಿಬ್ಬರೂ ಇದ್ದಾರೆ. ವಾಟ್ಕಿನ್ಸ್ ಮಾತ್ರ ಅಲ್ಪಾಯು; 1962ರಲ್ಲಿ ಅವನೂ ರಸ್ತೆ ಅಪಘಾತದಲ್ಲೇ ತೀರಿಕೊಂಡ.

‘ಸೇಂಟ್ ಥಾಮಸ್’ ಜಾಝ್ ಕಲಿಯುವವರ ಮೊದಲ ಪಾಠಗಳ ಸಾಲಿಗೆ ಸೇರಿತು. ರಾಲಿನ್ಸ್‌ನ ಕಛೇರಿಗಳಲ್ಲಿ ಕ್ಯಾಲಿಪ್ಸೊ ಕಾಯಂ ಆಯಿತು. 1962ರ ‘ವಾಟ್ಸ್ ನ್ಯೂ’ ಆಲ್ಬಮ್‌ನ ‘ಡೋಂಟ್ ಸ್ಟಾಪ್ ದ ಕಾರ್ನಿವಲ್’ ದಶಕಗಳ ಕಾಲ ಅವನ ಕಛೇರಿಯ ಮಂಗಳದಂತಿತ್ತು. ಆಲ್ಬಮ್‌ನ ಹೆಸರು ಕ್ರಮೇಣ ಮನುಷ್ಯನಿಗೇ ಅಂಟಿಕೊಂಡಿತು. ರಾಬರ್ಟ್ ಮಗ್ಗಿ 1986ರಲ್ಲಿ ರಾಲಿನ್ಸ್ ಕುರಿತು ತೆಗೆದ ಸಾಕ್ಷ್ಯಚಿತ್ರಕ್ಕೂ, ಏಡನ್ ಲೆವಿ 2022ರಲ್ಲಿ ಬರೆದ ಬೃಹತ್ ಜೀವನಚರಿತ್ರೆಗೂ ಇದೇ ಹೆಸರು. ಮಗ್ಗಿಯ ಚಿತ್ರದಲ್ಲಿ ಒಂದು ಪ್ರಸಂಗವಿದೆ: ಬಯಲು ವೇದಿಕೆಯಲ್ಲಿ ನುಡಿಸುತ್ತಿದ್ದ ರಾಲಿನ್ಸ್ ಇದ್ದಕ್ಕಿದ್ದಂತೆ ಕೆಳಕ್ಕೆ ಹಾರುತ್ತಾನೆ, ಹಿಮ್ಮಡಿ ಮುರಿಯುತ್ತದೆ, ಅಂಗಾತ ಬಿದ್ದುಕೊಂಡೇ ನುಡಿಸುವುದನ್ನು ಮುಂದುವರಿಸುತ್ತಾನೆ.

ಭಾರತದ ನಂಟು

ರಾಲಿನ್ಸ್‌ಗೆ ಭಾರತದ ಸೆಳೆತ ಸಂಗೀತಕ್ಕಿಂತ ಹೆಚ್ಚಾಗಿ ಯೋಗ ಮತ್ತು ವೇದಾಂತದ ಮೂಲಕ ಬಂದದ್ದು. 1960ರ ದಶಕದ ಕೊನೆಯಲ್ಲಿ ಮತ್ತೊಮ್ಮೆ ಕಛೇರಿಗಳಿಂದ ದೂರವಾದಾಗ ಸ್ಯಾಕ್ಸೊಫೋನ್ ಹೊತ್ತುಕೊಂಡು ಮುಂಬಯಿಗೆ ಬಂದು, ಪೊವಾಯಿಯಲ್ಲಿದ್ದ ಸ್ವಾಮಿ ಚಿನ್ಮಯಾನಂದರ ಆಶ್ರಮದಲ್ಲಿ ಕೆಲವು ತಿಂಗಳು ಇದ್ದ. ಧ್ಯಾನಕ್ಕೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲವೆಂದು ತೋಡಿಕೊಂಡಾಗ, ನುಡಿಸುವುದೇ ನಿನ್ನ ಯೋಗವೆಂಬ ಅರ್ಥದ ಉತ್ತರ ಅಲ್ಲಿ ಸಿಕ್ಕಿತೆಂದು ರಾಲಿನ್ಸ್ ಸಂದರ್ಶನಗಳಲ್ಲಿ ನೆನೆದಿದ್ದಾನೆ. 1978ರಲ್ಲಿ ಮುಂಬಯಿಯ ಮೊದಲ ಜಾಝ್ ಯಾತ್ರಾ ಉತ್ಸವದಲ್ಲಿ ಆತ ನುಡಿಸಿದ. 1980ರಲ್ಲಿ ಇದೇ ಉತ್ಸವದಲ್ಲಿ ಅಮೆರಿಕದ ಆಲ್ಟೊ ವಾದಕ ಜಾನ್ ಹ್ಯಾಂಡಿ ಕದ್ರಿ ಗೋಪಾಲನಾಥರ ವಾದನ ಕೇಳಿ, ವೇದಿಕೆಯಲ್ಲಿ ಅವರ ಜೊತೆ ನುಡಿಸಿದ. ಗೋಪಾಲನಾಥರ ಹೆಸರು ಜಾಝ್ ವಲಯಕ್ಕೆ ತಲುಪಿದ್ದು ಅಲ್ಲಿಂದ.

ಮರುಮುದ್ರಣಗಳು

ಮೂಲ ತಟ್ಟೆ ಮೋನೊ. ಟಾಮ್ ಹ್ಯಾನನ್ ವಿನ್ಯಾಸ ಮಾಡಿದ ಹೊದಿಕೆಯ ಮೇಲೆ ನೀಲಿ ಹಿನ್ನೆಲೆಯಲ್ಲಿ ಟೆನರ್ ಹಿಡಿದ ರಾಲಿನ್ಸ್‌ನ ನೆರಳಾಕೃತಿ. ಒಳಟಿಪ್ಪಣಿ ಬರೆದವನು ಐರಾ ಗಿಟ್ಲರ್. ಪ್ರೆಸ್ಟೀಜ್ ಕೈಬದಲಾದಂತೆ ತಟ್ಟೆ, ಕ್ಯಾಸೆಟ್, ಸಿಡಿ ಎಂದು ಹಲವು ರೂಪಗಳಲ್ಲಿ ಇದು ಮರಳಿ ಬಂದಿದೆ. 2006ರ ಸಿಡಿಯನ್ನು ಐವತ್ತು ವರ್ಷದ ಹಿಂದೆ ಇದನ್ನು ಧ್ವನಿಮುದ್ರಿಸಿದ್ದ ವ್ಯಾನ್ ಗೆಲ್ಡರ್ ತಾನೇ ಮೂಲ ಟೇಪುಗಳಿಂದ ಸಿದ್ಧಪಡಿಸಿದ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಯ 2016ರ ಪಟ್ಟಿಗೆ ಈ ಆಲ್ಬಮ್ ಸೇರಿಸಿಕೊಂಡಿತು. ರಾಲಿನ್ಸ್ ತನ್ನ ಹಳೆಯ ತಟ್ಟೆಗಳನ್ನು ಕೇಳುವವನಲ್ಲ. ಕೇಳಿದರೆ ಹೀಗೆ ನುಡಿಸಬಹುದಿತ್ತು, ಹಾಗೆ ನುಡಿಸಬಹುದಿತ್ತು ಎಂಬುದೇ ಕಿವಿಗೆ ಬೀಳುತ್ತದೆ ಎನ್ನುವುದು ಅವನ ದೂರು.